ಹದಿನಾರರ ಸಹಿ

ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ ಎಂಬ ಪುಟ್ಟ ದ್ವೀಪದೇಶವಿದೆ. ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರು, ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕದು. ಹೆಚ್ಚಿನವರು ಕ್ಯಾಥೊಲಿಕರು. ಸಂತ ಪೌಲರ ಹಡಗು ಒಡೆದದ್ದು ತಮ್ಮ ದಡದಲ್ಲೇ ಎಂದು ಪ್ರತಿ ಫೆಬ್ರವರಿ 10ರಂದು ಹಬ್ಬ ಮಾಡುತ್ತಾರೆ. ಭಾಷೆ ಮಾತ್ರ ಅರಬ್ಬಿಯಿಂದ ಹುಟ್ಟಿದ್ದು. ದೇವರಿಗೆ ಅವರೂ ‘ಅಲ್ಲಾ’ ಎನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ‘ರಂದಾನ್’ ಎಂದು ಹೆಸರು. ನಮ್ಮ ರಮದಾನ್ ಅಲ್ಲಿ ಹೀಗೆ ಇನ್ನೊಂದು ಮನೆ ಮಾಡಿಕೊಂಡಿದೆ.

ಅಲ್ಲಿ ಭಾನುವಾರದ ಪೂಜೆಗೆ ಬರುವವರನ್ನು ಚರ್ಚೇ ಲೆಕ್ಕ ಹಾಕಿಸುತ್ತದೆ. 1967ರಲ್ಲಿ ಶೇಕಡಾ 82 ಜನ ಬರುತ್ತಿದ್ದರು. 2005ರಲ್ಲಿ ಅದು ಸುಮಾರು 53ಕ್ಕೆ ಇಳಿಯಿತು, 2017ರಲ್ಲಿ 40ಕ್ಕಿಂತ ಕೆಳಗೆ. ಇಂಥ ಅಂಕಿ ಕಂಡ ಕೂಡಲೇ ಎಲ್ಲ ಊರಿನ ಹಿರಿಯರೂ ಒಂದೇ ಮಾತು ಹೇಳುತ್ತಾರೆ: ಈಗಿನ ಮಕ್ಕಳಿಗೆ ದೇವರ ಭಯವಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಒಂದು ಭಾನುವಾರ ತಪ್ಪಿಸಿದರೆ ನೆರೆಮನೆಗೆ ಗೊತ್ತಾಗುತ್ತದೆ. ಆ 82ರಲ್ಲಿ ದೇವರಿಗೆ ಹೆದರಿ ಬಂದವರೆಷ್ಟು, ನೆರೆಮನೆಗೆ ಹೆದರಿ ಬಂದವರೆಷ್ಟು? ಅದನ್ನು ಯಾವ ಎಣಿಕೆಯೂ ಹೇಳದು. ಬರದವರಿಗೆಲ್ಲ ನೀತಿಯೂ ಇಲ್ಲ ಎಂದುಕೊಳ್ಳುವುದು ಇನ್ನೂ ಅವಸರದ ಮಾತು.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಸಂವಿಧಾನ. ಅದರ 2ನೇ ವಿಧಿ ಕ್ಯಾಥೊಲಿಕ್ ಧರ್ಮವೇ ಮಾಲ್ಟಾದ ಧರ್ಮ ಎನ್ನುತ್ತದೆ, ಸರ್ಕಾರಿ ಶಾಲೆಗಳಲ್ಲಿ ಅದರ ಪಾಠವನ್ನು ಕಡ್ಡಾಯ ಶಿಕ್ಷಣದ ಭಾಗ ಮಾಡುತ್ತದೆ. ಆದರೆ 40ನೇ ವಿಧಿ ಒಂದು ಬಾಗಿಲು ತೆರೆದಿಟ್ಟಿದೆ. ಆ ಪಾಠ ಬೇಡ ಎನ್ನಬಹುದು. ಹದಿನಾರು ತುಂಬದವರ ಪರವಾಗಿ ಹೆತ್ತವರು ಹೇಳಬೇಕು. ಹದಿನಾರು ತುಂಬಿದ ಮೇಲೆ ವಿದ್ಯಾರ್ಥಿಯೇ ಹೇಳಬಹುದು. ಬೇಡವೆಂದವರಿಗಾಗಿ 2014ರಿಂದ ನೀತಿಶಾಸ್ತ್ರದ ಪಾಠ ಶುರುವಾಯಿತು. 2018ರಲ್ಲಿ ಹದಿನಾರಕ್ಕೆ ಮತದಾನದ ಹಕ್ಕೂ ಬಂತು.

ಹದಿನಾರು ಎಂದರೆ ಪ್ರಥಮ ಪಿಯುಸಿ. ನಮ್ಮ ಸಂವಿಧಾನದ 28ನೇ ವಿಧಿ ಲೆಕ್ಕವನ್ನು ಮಗುಚಿ ಹಾಕಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ. ಅಲ್ಲಿ ಬೇಡವೆಂದರೆ ಬಿಡುಗಡೆ, ಇಲ್ಲಿ ಬೇಕೆಂದರೆ ಪ್ರವೇಶ. ಈ ವಿಷಯದಲ್ಲಿ ನಮ್ಮದೇ ಮೇಲು ಎನ್ನುತ್ತೇನೆ. ಆದರೆ ಆ ಒಪ್ಪಿಗೆ ಹದಿನೆಂಟರವರೆಗೆ ಪೋಷಕರದು. ದೀನಿಯಾತ್ ತರಗತಿಗೆ ನಮ್ಮ ಅಬ್ಬಂದಿರು ಸಹಿ ಮಾಡಿದ್ದಾರೆ, ನಾವು ಕೂರುತ್ತೇವೆ.

ಅದೇ ತರಗತಿಯಲ್ಲಿ ನಾವು ಕಲಿಯುವುದೇನು? ಬಾಲಿಗ್ ಆದ ಮೇಲೆ ನಮಾಜಿನ ಹೊಣೆ ಅವರವರದು, ನಿಯ್ಯತ್ತಿಲ್ಲದ ನಮಾಜು ನಮಾಜಲ್ಲ. ಮಗನ ನಿಯ್ಯತ್ತನ್ನು ತಂದೆ ಮಾಡಲು ಬರುವುದಿಲ್ಲ. ಹಾಗಿದ್ದರೆ ಅರ್ಜಿಯಲ್ಲಿ ಪೋಷಕರ ಸಹಿಯ ಕೆಳಗೆ ನಮ್ಮ ಸಹಿಗೂ ಒಂದು ಗೆರೆ ಯಾಕಿರಬಾರದು?

ಕೇಳಿದರೆ ಅರ್ಧ ತರಗತಿ ಖಾಲಿಯಾದೀತು ಎಂದು ನನ್ನ ಗೆಳೆಯನೊಬ್ಬನ ವಾದ. ಆಗಲಿ. ಕೊನೆಯ ಬೆಂಚಿನಲ್ಲಿ ಕೆಮಿಸ್ಟ್ರಿ ರೆಕಾರ್ಡ್ ಬರೆಯುತ್ತಾ ಕೂತವರನ್ನು ಹಾಜರಿ ಪುಸ್ತಕ ಈಗ ಏನೆಂದು ಎಣಿಸುತ್ತಿದೆ?

ಜೊತೆಗೆ ಇನ್ನೊಂದು ವಿಚಾರ. ದೀನಿಯಾತ್ ಪಿರಿಯಡ್‌ನಲ್ಲಿ ನಮ್ಮ ಹಿಂದೂ, ಕ್ರೈಸ್ತ ಗೆಳೆಯರು ಲೈಬ್ರರಿಗೆ ಹೋಗಿ ಸುಮ್ಮನೆ ಕೂರುತ್ತಾರೆ. ಮಾಲ್ಟಾದವರಂತೆ ಆ ಹೊತ್ತಿಗೆ ಒಂದು ನೀತಿಪಾಠ ಇಟ್ಟರೆ ಅವರಿಗೂ ತರಗತಿಯಾಗುತ್ತದೆ, ನಮ್ಮಲ್ಲಿ ಬಯಸಿದವರಿಗೆ ಎರಡರಲ್ಲೊಂದು ಆಯ್ಕೆಯೂ ಸಿಗುತ್ತದೆ. ಮುಂದಿನ ವರ್ಷದ ಅರ್ಜಿ ಇನ್ನೂ ಅಚ್ಚಿಗೆ ಹೋಗಿಲ್ಲವಂತೆ.