ಮೇಲ್ಮಣ್ಣು ಎತ್ತಿಡಿ, ಆಮೇಲೆ ಅಗೆಯಿರಿ

ಬೆಳಗಾವಿಯಲ್ಲಿ ಮನೆ ಕಟ್ಟಿಸಿದವರೇ, ಕಟ್ಟಿಸುತ್ತಿರುವವರೇ, ನಿಮ್ಮ ಗೋಡೆಯ ಇಟ್ಟಂಗಿ ಎಲ್ಲಿಯದೆಂದು ನಿಮಗೆ ಗೊತ್ತು. ಖಾನಾಪುರದ್ದೇ ಬೇಕೆಂದು ಹೇಳಿ ತರಿಸಿಕೊಂಡಿರುತ್ತೀರಿ. ಆ ಮಣ್ಣು ಕೊಟ್ಟ ಹೊಲದ ಗತಿ ಏನಾಯಿತೆಂಬುದೂ ಅಷ್ಟೋ ಇಷ್ಟೋ ಗೊತ್ತು. ಗೋವಾಕ್ಕೆ ಹೋಗುವಾಗ ರಸ್ತೆಯ ಆಚೀಚೆ ಗುಂಡಿಗಳು ಕಂಡಿವೆ. ಮಳೆಗಾಲವಾದರೆ ‘ಕೆರೆ ತುಂಬ್ಯದ ನೋಡ್ರಿ’ ಎಂದು ಮಕ್ಕಳಿಗೆ ತೋರಿಸಿಯೂ ಇರುತ್ತೀರಿ. ಅದು ಕೆರೆಯಲ್ಲ, ಭತ್ತ ಬೆಳೆಯುತ್ತಿದ್ದ ಗದ್ದೆ.

ಕಲ್ಲಿದ್ದಲು ಗಣಿಯೆಂದರೆ ಜಾರ್ಖಂಡದ ಕಥೆ, ಅದಿರೆಂದರೆ ಬಳ್ಳಾರಿಯ ಪಾಡು ಎಂದುಕೊಂಡು ನಾವು ಆರಾಮಾಗಿದ್ದೇವೆ. ಭಟ್ಟಿಗೆ ಜೇಡಿ ತೆಗೆದರೂ, ಹೆದ್ದಾರಿಗೆ ಗರಸು ತೆಗೆದರೂ ಗಣಿಗಾರಿಕೆಯೇ. ಅಗೆಯಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲಿರುವುದು ಸುಮ್ಮನೆ ಅಲ್ಲ. ಈ ಮಣ್ಣಿನ ಗುಣವೇ ಹಾಗಿದೆ. ಕುಂಬಾರರು ತಲೆಮಾರುಗಳಿಂದ ತೆಗೆದರು, ಅದರಿಂದ ಯಾವ ಊರೂ ಹಾಳಾಗಲಿಲ್ಲ.

ಈಚೆಗೆ ಅಂಥದೊಂದು ಗುಂಡಿಯ ಅಂಚಿಗೆ ನಿಂತು ನೋಡಿದೆ. ಜೆಸಿಬಿ ಕಡಿದ ಗೋಡೆ ನೆಟ್ಟಗೆ ಎರಡಾಳು ಎತ್ತರ. ಮೇಲೆ ಒಂದು ಮೊಳದಷ್ಟು ಕಪ್ಪುಗೆಂಪು ಮಣ್ಣು. ಅದರಲ್ಲಿ ಹುಲ್ಲಿನ ಬೇರುಗಳು ಜೋತಾಡುತ್ತಿದ್ದವು, ಎರೆಹುಳು ಕೊರೆದ ತೂತುಗಳಿದ್ದವು. ಕೆಳಗೆಲ್ಲ ಹಳದಿ ಜೇಡಿ, ಅದರಲ್ಲೊಂದು ಇರುವೆಯೂ ಇಲ್ಲ. ಪಕ್ಕದ ಹೊಲದ ಬದು ಎರಡು ಕಡೆ ಕುಸಿದು ಗುಂಡಿಗೆ ಬಿದ್ದಿತ್ತು. “ಯಾರಿಗ್ ಹೇಳೂದ್ರಿ? ಮಣ್ಣ ಒಯ್ದಾವ್ರು ಈಗ ಇನ್ನೊಂದ್ ಊರಾಗ ಅಗಿಯಾಕತ್ತಾರ” ಎಂದರು ಆ ಹೊಲದ ಅಜ್ಜ.

ನನ್ನ ಹೊಟ್ಟೆ ಉರಿಯುವುದು ಆ ಒಂದು ಮೊಳ ಮಣ್ಣಿಗಾಗಿ. ಅಗೆಯುವ ಮೊದಲು ಅದನ್ನು ಕೆರೆದು ಬದಿಗೆ ಒಟ್ಟಬೇಕು. ಬೇರೆ ಯಂತ್ರ ಬೇಡ. ಅದೇ ಜೆಸಿಬಿ, ಅದೇ ಡ್ರೈವರ್ ಸಾಕು. ಅಗೆತ ಮುಗಿದ ಮೇಲೆ ಅಂಚುಗಳನ್ನು ಇಳಿಜಾರು ಮಾಡಿ ಆ ಮಣ್ಣನ್ನು ಹರಡಿದರೆ ಖಾನಾಪುರದ ಮಳೆಯಲ್ಲಿ ಹುಲ್ಲು ತಾನಾಗಿಯೇ ಏಳುತ್ತದೆ. ಆ ಮಣ್ಣಿನೊಳಗೇ ಬೀಜವಿದೆ, ಬೇರಿದೆ. ಇಷ್ಟನ್ನೂ ಮಾಡುವುದಿಲ್ಲ! ಮೇಲಿನದನ್ನೂ ಟಿಪ್ಪರಿಗೆ ತುಂಬಿ ಕಳಿಸುತ್ತಾರೆ, ನಮ್ಮ ಲೇಔಟುಗಳ ಭರ್ತಿಗೆ, ನಮ್ಮ ಹೂಕುಂಡಗಳಿಗೆ. ಕರೆಯುವ ಆಕಳ ತೊಗಲು ಸುಲಿದು ಮಾರಿದ ಹಾಗೆ. ಬಡತನಕ್ಕೆ ಹೊಲ ಕೊಟ್ಟ ರೈತನನ್ನು ನಾನು ಬಯ್ಯಲಾರೆ. ಆದರೆ ಲೆಕ್ಕ ಗೊತ್ತಿದ್ದೂ ಅರ್ಧ ದಿನದ ಡೀಸೆಲ್ ಉಳಿಸಲು ನೂರಾರು ವರ್ಷದ ಮಣ್ಣು ಕಳೆಯುವವನನ್ನು, ಕಂಡೂ ಸುಮ್ಮನಿರುವ ಅಧಿಕಾರಿಯನ್ನು ಯಾವ ಬಾಯಿಂದ ಕ್ಷಮಿಸಲಿ?

ಕಾನೂನಿಲ್ಲ ಎನ್ನಬೇಡಿ. ದೊಡ್ಡ ಗಣಿಗಳು ಮೇಲ್ಮಣ್ಣನ್ನು ಬೇರೆಯಾಗಿ ಕಾಪಿಡಬೇಕೆಂದು 2017ರ ಖನಿಜ ಸಂರಕ್ಷಣೆ ನಿಯಮಗಳಲ್ಲೇ ಇದೆ. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ, ಗಿಡಮರಕ್ಕೆ ಯೋಗ್ಯ ಮಾಡಿಕೊಡುವ ಷರತ್ತನ್ನು ಗುತ್ತಿಗೆಗಳಿಗೆ ಹಾಕಿ ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಕೇಂದ್ರಕ್ಕೆ ಹೇಳಿತು. ಕೇಂದ್ರ ಮಾಡಿದ್ದೇನು? ಅದೇ ಮಾರ್ಚಿನಲ್ಲಿ ರಸ್ತೆ, ಪೈಪ್‌ಲೈನಿನಂಥ ಕೆಲಸಗಳಿಗೆ ತೆಗೆಯುವ ಮಣ್ಣಿಗೆ ಪರಿಸರ ಅನುಮತಿಯೇ ಬೇಡವೆಂದಿತು. ಆ ರಿಯಾಯಿತಿಯನ್ನು ಕೋರ್ಟು ರದ್ದು ಮಾಡುವಷ್ಟರಲ್ಲಿ 2024ರ ಮಾರ್ಚ್ ಬಂದಿತ್ತು. ನಾಲ್ಕು ವರ್ಷ! ಅಮೆರಿಕದಲ್ಲಿ 1977ರಿಂದಲೇ ಕಲ್ಲಿದ್ದಲು ಅಗೆಯುವವನು ಮೊದಲು ಠೇವಣಿ ಇಡಬೇಕು. ಮೇಲ್ಮಣ್ಣು ಮರಳಿ ಹರಡಿ, ಹಸಿರು ನಿಂತ ಮೇಲೆಯೇ ಹಣ ಪೂರ್ತಿ ವಾಪಸು. ನಮ್ಮಲ್ಲಿ ರಾಯಲ್ಟಿ ಕಟ್ಟಿ ಪಾಸು ತೋರಿಸಿದರೆ ಪಾಪ ತೊಳೆಯಿತು ಎಂಬ ಭಾವನೆ.

ಹಸಿರು ಎಂದಾಕ್ಷಣ ಅಕೇಶಿಯಾ ಸಾಲು ನೆಟ್ಟು ಫೋಟೊ ಹೊಡೆಸಿಕೊಳ್ಳುವವರೂ ಇದ್ದಾರೆ. ಅವರಿಗೊಂದು ದೊಡ್ಡ ನಮಸ್ಕಾರ. ಮೊದಲು ಮಣ್ಣು, ಆಮೇಲೆ ಹುಲ್ಲು, ಸೆಣಬು. ಅದರ ನಂತರ ಹೊಂಗೆ, ನೇರಳೆ, ಮತ್ತಿ, ಕವಳಿ.

ಇನ್ನೊಂದು ಮಾತು. ಕಳಸಾ-ಬಂಡೂರಿಗಾಗಿ ನಾವೆಲ್ಲ ಬೀದಿಗಿಳಿದವರು, ಮಲಪ್ರಭೆಗೆ ನೀರು ಬರಲಿ ಎಂದು ಕೂಗಿದವರು. ಕಣಕುಂಬಿಯಲ್ಲಿ ಹುಟ್ಟುವ ಅದೇ ಮಲಪ್ರಭೆಗೆ ಖಾನಾಪುರದ ಬೋಳು ನೆಲದಿಂದ ಮಳೆಗಾಲವಿಡೀ ಕೆಂಪು ರಾಡಿ ಇಳಿಯುತ್ತದೆ. ಅದು ಹೋಗಿ ಸೇರುವುದು ನವಿಲುತೀರ್ಥದ ಜಲಾಶಯಕ್ಕೆ. ಹುಬ್ಬಳ್ಳಿ-ಧಾರವಾಡದವರು ಅದೇ ನೀರು ಕುಡಿಯುತ್ತಾರೆ. ನೀರು ಕೇಳುವ ಬಾಯಿಂದಲೇ ರಾಡಿಯ ಬಗ್ಗೆಯೂ ಒಂದು ಮಾತು ಬರಬಾರದೇ? ಪ್ರತಿ ಚಳಿಗಾಲ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರಿಗೆ ನೀವು ಕೊಡುವ ಮನವಿಗಳಲ್ಲಿ ಈ ಗುಂಡಿಗಳ ಹೆಸರು ಎಂದಾದರೂ ಇತ್ತೇ?

ದೀಪಾವಳಿ ಮುಗಿಯುತ್ತಲೇ ಭಟ್ಟಿಗಳ ಹಂಗಾಮು ಶುರುವಾಗುತ್ತದೆ. ಪಂಚಾಯತಿಯವರೇ, ಅಷ್ಟರೊಳಗೆ ಠರಾವು ಮಾಡಿ: ಮೇಲ್ಮಣ್ಣು ಒಟ್ಟಿದ್ದು ಕಣ್ಣಿಗೆ ಬೀಳದೆ ಜೆಸಿಬಿ ಊರೊಳಗೆ ಬರಕೂಡದು. ಮನೆ ಕಟ್ಟಿಸುವವರೇ, ಇಟ್ಟಂಗಿಯ ದರ ಚೌಕಾಸಿ ಮಾಡುವಾಗಲೇ ಮಣ್ಣು ತೆಗೆದ ಹೊಲ ಯಾವುದೆಂದು ಕೇಳಿ. ಒಂದು ಭಾನುವಾರ ಹೋಗಿ ನೋಡಿ ಬನ್ನಿ, ದೂರವೇನಿಲ್ಲ. ಅಲ್ಲಿ ಗುಂಡಿಯ ಅಂಚಿಗೆ ಮಣ್ಣಿನ ಒಟ್ಟಲು ಕಾಣದಿದ್ದರೆ ಮುಂಗಡ ಕೊಡಬೇಡಿ.