ಬ್ರಹ್ಮಗಿರಿಯವರು ಏನು ಉಡುತ್ತಿದ್ದರು?

ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲೂ ಅಗೆತ ನಡೆಸಿ ಎಂಟು ದಶಕವಾಗುತ್ತ ಬಂತು. ಅವರಿಗೂ ಮುಂಚೆ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಎರಡೂ ಕಡೆ ಗುದ್ದಲಿ ಹಾಕಿಸಿದ್ದರು. ಈ ಅವಧಿಯಲ್ಲಿ ಚಿತ್ರದುರ್ಗ ಜಿಲ್ಲೆಗೆ ದಕ್ಕಿದ್ದು ಕಡಿಮೆಯೇನಲ್ಲ. ಕಲ್ಲುಕೊಡಲಿಯ ಜನ, ಅವರ ನಂತರ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಜನ, ಆಮೇಲೆ ಸಾತವಾಹನರ ಕಾಲ ಎಂಬ ಕ್ರಮ ಗೊತ್ತಾಯಿತು. ರೋಮನ್ ನಾಣ್ಯ ಚಂದ್ರವಳ್ಳಿಗೂ ಬಂದಿತ್ತೆಂದು ತಿಳಿಯಿತು. ಮಡಕೆಯ ಬಣ್ಣ, ಕಂಠ, ಹೊಳಪು ಎಲ್ಲಕ್ಕೂ ಲೆಕ್ಕವಿದೆ. ಆ ಮಡಕೆ ಹೊತ್ತವರ ಮೈಮೇಲೆ ಏನಿತ್ತು ಎಂಬುದು ಮಾತ್ರ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಅದಕ್ಕೆ ವೀಲರ್ ಅವರನ್ನು ದೂರಿ ಫಲವಿಲ್ಲ. ಅವರಿಗೆ ಬೇಕಿದ್ದುದು ಕಾಲನಿರ್ಣಯ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕ ಮಡಕೆಗಳ ಆಧಾರದಿಂದ ದಕ್ಷಿಣದ ಇತಿಹಾಸಕ್ಕೆ ಒಂದು ಮೆಟ್ಟಿಲು ಕಟ್ಟಬೇಕಿತ್ತು, ಕಟ್ಟಿದರು. ಕಲ್ಲುಕೊಡಲಿಯವರನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಇಟ್ಟರು. ಮುಂದೆ ಬಂದ ಇಂಗಾಲದ ಪರೀಕ್ಷೆ ದಕ್ಷಿಣದ ನವಶಿಲಾಯುಗವನ್ನು ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಇನ್ನು ಬಟ್ಟೆಯೆಂಬುದು ನಮ್ಮ ಮಣ್ಣಿನಲ್ಲಿ ಉಳಿಯುವ ವಸ್ತುವೇ ಅಲ್ಲ. ಮಳೆ, ಬಿಸಿಲು, ಅದರ ಮೇಲೆ ಗೆದ್ದಲು.

ಹಾಗಾಗಿ ಬಟ್ಟೆಯನ್ನು ಹುಡುಕುವವರು ಬಟ್ಟೆ ಮಾಡಿದ ಸಾಮಾನನ್ನು ಹುಡುಕುತ್ತಾರೆ. ಅದರಲ್ಲಿ ಮೊದಲನೆಯದು ತಕಲಿಯ ಬಿಲ್ಲೆ. ಒಡೆದ ಮಡಕೆಯ ಚೂರನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ, ನಡುವೆ ತೂತು ಕೊರೆದರೆ ಬಿಲ್ಲೆ ಸಿದ್ಧ. ಹಸಿ ಮಣ್ಣಿನಲ್ಲಿ ಮಾಡಿ ಸುಟ್ಟದ್ದೂ ಉಂಟು. ತೂತು ಸರಿಯಾಗಿ ನಟ್ಟನಡುವೆ ಇರಬೇಕು, ಇಲ್ಲದಿದ್ದರೆ ತಕಲಿ ಓಲಾಡಿ ಎಳೆ ಹರಿಯುತ್ತದೆ. ತೂತಿನ ಅಂಚು ಕಡ್ಡಿ ಕೂತು ಸವೆದಿದೆಯೇ ಎಂದೂ ನೋಡಬೇಕು. ತೂಕ ಇನ್ನೂ ಮುಖ್ಯ. ಹತ್ತಿಯಂಥ ಗಿಡ್ಡ ಎಳೆಗೆ ಹಗುರ ಬಿಲ್ಲೆಯೇ ಆಗಬೇಕು, ದಪ್ಪ ನೂಲಿಗೆ ಭಾರದ್ದು ನಡೆಯುತ್ತದೆ. ಅಂದರೆ ಒಂದು ಊರಿನ ಬಿಲ್ಲೆಗಳನ್ನೆಲ್ಲ ತಕ್ಕಡಿಗೆ ಹಾಕಿದರೆ ಅಲ್ಲಿಯ ನೂಲು ಎಷ್ಟು ಸಣ್ಣದಿತ್ತೆಂದು ಸ್ಥೂಲವಾಗಿ ಹೇಳಬಹುದು. ನಮ್ಮ ದೇಶದ ಉತ್ಖನನ ವರದಿಗಳಲ್ಲಿ ಮಡಕೆಚೂರಿನ ಬಿಲ್ಲೆಗಳೆಲ್ಲ ಬಹಳ ಕಾಲ ಕುಂಟೆಬಿಲ್ಲೆಯ ಹೆಸರಿನಲ್ಲಿ ಮಕ್ಕಳ ಆಟಿಕೆಗಳ ಸಾಲಿಗೆ ಸೇರುತ್ತಿದ್ದವು. ಕೆಲವು ಆಟದವೇ ಇದ್ದಾವು. ಎಲ್ಲವೂ ಹಾಗೇ ಎಂದು ನಂಬುವುದು ಕಷ್ಟ.

ಎರಡನೆಯದು ತಾಮ್ರ. ತಾಮ್ರದ ಕಿಲುಬು ಕೊಳೆಸುವ ಜೀವಾಣುಗಳನ್ನು ಹತ್ತಿರ ಬಿಡುವುದಿಲ್ಲ. ಮಹಾರಾಷ್ಟ್ರದ ನೇವಾಸೆಯಲ್ಲಿ ಹೂತಿದ್ದ ಮಗುವಿನ ಕೊರಳ ತಾಮ್ರದ ಮಣಿಗಳೊಳಗೆ ಹತ್ತಿ, ರೇಷ್ಮೆಯ ನೂಲು ಉಳಿದದ್ದು ಹೀಗೆ. ಚಂದೋಲಿಯಲ್ಲಿ ಅಗಸೆ ನಾರು ಸಿಕ್ಕಿತು. ತಾಮ್ರದ ಅದಿರಿಗೆ ಹೆಸರಾದ ಇಂಗಳದಾಳು ಇರುವ ಜಿಲ್ಲೆ ನಮ್ಮದು, ಇಂಥ ಕುರುಹನ್ನು ಇಲ್ಲೂ ಹುಡುಕಬಹುದು.

ಮೂರನೆಯದು ಬೀಜ. ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆಸಿದ ತುಂಗಭದ್ರಾ ದಡದ ಹಳ್ಳೂರಿನ ಮಣ್ಣನ್ನು ಮುಂದೆ ನೀರಿನಲ್ಲಿ ತೇಲಿಸಿ ಸೋಸಿದಾಗ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದ ಹತ್ತಿಯ ಕುರುಹು ದೊರೆಯಿತು. ಬ್ರಹ್ಮಗಿರಿ ಅಗೆದಾಗ ಇಂಥ ಸೋಸಾಟದ ರೂಢಿಯೇ ಇರಲಿಲ್ಲ. ನೂಲಿಗೂ ಹಿಂದಿನ ಕಾಲಕ್ಕೆ ಹೋದರೆ ತೊಗಲು ಹೆರೆಯುವ ಕಲ್ಲು, ಮೂಳೆಯ ದಬ್ಬಳಗಳ ಅಲಗಿನ ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ಓದಬೇಕು. ಮನುಷ್ಯ ಉಡತೊಡಗಿದ್ದು ಯಾವಾಗ ಎಂಬುದಕ್ಕೆ ಹೇನೂ ಸುಳಿವು ಕೊಡುತ್ತದೆ: ಬಟ್ಟೆಯಲ್ಲೇ ಬದುಕುವ ಹೇನು ತಲೆಹೇನಿನಿಂದ ಕವಲೊಡೆದದ್ದು ಕನಿಷ್ಠ 83,000, ಪ್ರಾಯಶಃ 1,70,000 ವರ್ಷಗಳ ಹಿಂದೆ ಎಂದು 2011ರ ಅಧ್ಯಯನವೊಂದು ಅಂದಾಜಿಸಿದೆ. ಹೇನಿಗೂ ಇತಿಹಾಸದಲ್ಲಿ ಪಾಲು!

ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ಕಂಬಳಿಯನ್ನು ತೋರಿಸಿ, ಇಗೋ ನಮ್ಮ ಪೂರ್ವಿಕರ ಉಡುಪು ಎನ್ನುವವರಿದ್ದಾರೆ. ಅಷ್ಟು ಸಲೀಸಲ್ಲ. ಸಮಾಧಿಯಲ್ಲಿ ಕುರಿಯ ಮೂಳೆ ಸಿಕ್ಕರೆ ಮಾಂಸ ತಿಂದರೆಂದಾದೀತು, ಉಣ್ಣೆ ಕತ್ತರಿಸಿದರೆಂದಲ್ಲ. ಆದರೆ ಬಿಲ್ಲೆ ಯಾವುದು, ಆಟಿಕೆ ಯಾವುದು ಎಂದು ಕೈಗೆ ಕೊಟ್ಟ ಕ್ಷಣ ಹೇಳಬಲ್ಲವರು ಉಣ್ಣೆ ನೂಲುವ ಅಜ್ಜಿಯರೇ. ಅವರನ್ನು ಸಂಗ್ರಹಾಲಯದ ಒಳಗೆ ಕರೆದು ಕೂರಿಸಿ ಕೇಳುವುದು ಪುರಾತತ್ತ್ವಕ್ಕೆ ಕುಂದಲ್ಲ.

ಈಗ ಆಗಬೇಕಾದ ಕೆಲಸ ದುಬಾರಿಯದಲ್ಲ. ಹಳೆಯ ಅಗೆತಗಳ ಬಿಲ್ಲೆಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿ ತೂಗಿ, ಅಳೆದು ಪಟ್ಟಿ ಮಾಡಬೇಕು. ಮಡಕೆಯ ತಳದಲ್ಲಿ ಚಾಪೆಯ, ಹಗ್ಗದ ಅಚ್ಚಿದ್ದರೆ ಚಿತ್ರ ತೆಗೆಯಬೇಕು. ಭದ್ರಾ ಮೇಲ್ದಂಡೆ ಕಾಲುವೆಗಾಗಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ನೆಲ ಅಗೆಯುವಲ್ಲೆಲ್ಲ ರಾಶಿ ಬಿದ್ದ ಮಣ್ಣಿನ ಮೇಲೆ ಬಲ್ಲವರೊಬ್ಬರು ಓಡಾಡಬೇಕು. ತಾಮ್ರದ ಮಣಿಯೋ ಬಳೆಯೋ ಸಿಕ್ಕರೆ ಹುಣಸೆಹಣ್ಣು ಹಾಕಿ ಬೆಳಗದೆ, ಕಿಲುಬಿನ ಸಮೇತ ಪ್ರಯೋಗಾಲಯಕ್ಕೆ ಕಳಿಸಬೇಕು.