ಒಂದು ತೂತು ಈಚೆಗೆ

ಹೊಲಿಗೆ ಯಂತ್ರದ ಮುಂದೆ ಕುಳಿತವರನ್ನು ಗಮನಿಸಿದ್ದೀರಾ? ಕಾಲಿನಿಂದ ತುಳಿಯುವ ಮೊದಲು ಅವರು ಬಲಗೈಯಿಂದ ಮೇಲಿನ ಚಕ್ರವನ್ನು ತಮ್ಮ ಕಡೆಗೆ ಒಮ್ಮೆ ತಿರುಗಿಸುತ್ತಾರೆ. ಹಾಗೆ ಮಾಡದೆ ಬರೀ ತುಳಿದರೆ ಯಂತ್ರ ಒಮ್ಮೊಮ್ಮೆ ಅಲುಗುವುದೇ ಇಲ್ಲ. ಒಮ್ಮೊಮ್ಮೆ ಹಿಂದಕ್ಕೆ ತಿರುಗಿ ದಾರ ತುಂಡಾಗುತ್ತದೆ. ಯಾಕೆ?

ನಮ್ಮ ಮನೆಯಲ್ಲಿ ಅಮ್ಮ ಹೊಲಿಯುತ್ತಿದ್ದರು. ನಾನು ಆ ಯಂತ್ರದ ಪಕ್ಕದಲ್ಲೇ ಕೂತು ಓದಿದವನು. ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ, ಸರಳ ಯಂತ್ರಗಳ ಪಾಠವನ್ನು ಎಷ್ಟೋ ಸಲ ಹೇಳಿದೆ, ಆ ಪಾಠವನ್ನು ಹೇಗೆ ಮಾಡಬೇಕೆಂದು ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟೆ. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ನಲವತ್ತು ದಾಟಿದ ಮೇಲೆ, ಅಟ್ಟದಿಂದ ಇಳಿಸಿದ ಮಗಳ ಹಳೆಯ ಆಟಿಕೆ ಡಬ್ಬಿಯ ಮುಂದೆ ನೆಲದ ಮೇಲೆ ಕೂತಾಗ.

ಅಂಥ ಡಬ್ಬಿಯನ್ನು ನೀವೂ ನೋಡಿರುತ್ತೀರಿ. ಸಮ ಅಂತರದಲ್ಲಿ ತೂತುಗಳಿರುವ ಬಣ್ಣ ಬಣ್ಣದ ಲೋಹದ ಪಟ್ಟಿಗಳು, ಗಾಲಿ, ಅಚ್ಚಿನ ಕಡ್ಡಿ, ನಟ್ಟು ಬೋಲ್ಟು, ಒಂದು ಪುಟ್ಟ ಸ್ಪ್ಯಾನರ್. ಚಿಕ್ಕವನಿದ್ದಾಗ ಪಕ್ಕದ ಮನೆಯ ಹುಡುಗನ ಬಳಿ ಇಂಥದ್ದೊಂದು ಇತ್ತು. ನಾನು ಬೋಲ್ಟು ಹುಡುಕಿಕೊಡುವ ಕೂಲಿ. ಕ್ರೇನು ಕಟ್ಟುವವನು ಅವನು. ಮೂವತ್ತು ವರ್ಷದ ಆ ಬಾಕಿಯನ್ನು ತೀರಿಸಿಕೊಳ್ಳೋಣವೆಂದು ಒಂದು ಭಾನುವಾರ ಡಬ್ಬಿ ತೆರೆದೆ. ಅದರೊಳಗಿನ ಚಿತ್ರಪುಸ್ತಕ ಕಳೆದುಹೋಗಿತ್ತು. ಇರಲಿ, ಅಮ್ಮನ ಹೊಲಿಗೆ ಯಂತ್ರದ ಕೆಳಭಾಗವನ್ನೇ ಕಟ್ಟೋಣ, ಅದರಲ್ಲೇನಿದೆ ಮಹಾ ಎಂದುಕೊಂಡೆ. ತುಳಿಯುವ ಪಟ್ಟಿ ಒಂದು, ಅದರಿಂದ ಮೇಲೇಳುವ ಕಡ್ಡಿ ಒಂದು, ಚಕ್ರದ ಅಚ್ಚಿಗೆ ಹಿಡಿದ ಪುಟ್ಟ ತೋಳು ಒಂದು. ಇವನ್ನೆಲ್ಲ ಹೊತ್ತ ಚೌಕಟ್ಟು ನಾಲ್ಕನೆಯದು.

ಮೊದಲು ನಟ್ಟುಗಳನ್ನು ಗಟ್ಟಿಯಾಗಿ ಬಿಗಿದೆ. ಏನೂ ಅಲುಗಲಿಲ್ಲ. ಸಡಿಲ ಮಾಡಿದೆ. ನಾಲ್ಕು ಸಲ ಆಡಿಸುವಷ್ಟರಲ್ಲಿ ನಟ್ಟು ಕಳಚಿ ಮಂಚದ ಕೆಳಗೆ ಉರುಳಿತು. ಬೋಲ್ಟಿಗೆ ಎರಡು ನಟ್ಟು ಹಾಕಿ, ಪಟ್ಟಿಗೆ ತಾಗಿಯೂ ತಾಗದಂತೆ ನಿಲ್ಲಿಸಿ, ಆ ಎರಡನ್ನು ಒಂದಕ್ಕೊಂದು ಎದುರಾಗಿ ಬಿಗಿದರೆ ಕೀಲು ಸಲೀಸಾಗಿ ತಿರುಗುತ್ತದೆ, ಕಳಚುವುದೂ ಇಲ್ಲ. ಸೈಕಲ್ ರಿಪೇರಿಯವರು ಚಕ್ರದ ಅಚ್ಚಿಗೆ ಕೋನು ಕೂರಿಸುವಾಗ ಮಾಡುವುದು ಇದನ್ನೇ. ಇದನ್ನು ಕಂಡುಕೊಳ್ಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಕೀಲು ಸರಿಯಾದರೂ ಯಂತ್ರ ಸುತ್ತಲಿಲ್ಲ. ತೋಳು ಅರ್ಧ ದಾರಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ತೂತಿನಿಂದ ತೂತಿಗಿರುವ ಅಂತರವನ್ನು ಒಂದು ಮಾನ ಎಂದು ಎಣಿಸಿದರೆ ನನ್ನ ಅಳತೆ ಹೀಗಿತ್ತು: ತಿರುಗುವ ತೋಳು 4, ತುಳಿಯುವ ಪಟ್ಟಿ 5, ನಡುವಿನ ಕಡ್ಡಿ 6, ಚೌಕಟ್ಟಿನ ಎರಡು ಕೀಲುಗಳ ನಡುವೆ 8. ತೋಳಿನ ಬೋಲ್ಟನ್ನು ಒಂದು ತೂತು ಈಚೆಗೆ ತಂದು 3 ಮಾಡಿದೆ. ಈಗ ಸುತ್ತಿತು. ಆದರೆ ನಾಲ್ಕೂ ಒಂದೇ ಗೆರೆಯಲ್ಲಿ ಮಲಗುವ ಜಾಗವೊಂದಿತ್ತು; ಅಲ್ಲಿಗೆ ಬಂದಾಗಲೆಲ್ಲ ಪಟ್ಟಿ ಅತ್ತ ಬಾಗಬೇಕೋ ಇತ್ತ ಬಾಗಬೇಕೋ ತಿಳಿಯದೆ ದಾರಿ ತಪ್ಪುತ್ತಿತ್ತು. ಇನ್ನೊಂದು ತೂತು ಈಚೆಗೆ ತಂದು 2 ಮಾಡಿದೆ. ಅಮ್ಮನ ಯಂತ್ರದಂತೆಯೇ ಟಕಟಕ ಸುತ್ತಿತು.

ಇದರ ಲೆಕ್ಕವನ್ನು 19ನೇ ಶತಮಾನದಲ್ಲೇ ಜರ್ಮನಿಯ ಎಂಜಿನಿಯರ್ ಗ್ರಾಶೋಫ್ ಹೇಳಿದ್ದರು. ನಾಲ್ಕರಲ್ಲಿ ಅತಿ ಚಿಕ್ಕದನ್ನೂ ಅತಿ ಉದ್ದದ್ದನ್ನೂ ಕೂಡಿಸಿ. ಆ ಮೊತ್ತ ಉಳಿದೆರಡರ ಮೊತ್ತಕ್ಕಿಂತ ಕಡಿಮೆ ಇದ್ದರೆ ಚಿಕ್ಕದು ಪೂರ್ತಿ ಸುತ್ತು ಹಾಕುತ್ತದೆ. ನನ್ನದರಲ್ಲಿ ಮೊದಲು 4+8=12, ಆಚೆ 5+6=11; ಸಿಕ್ಕಿಕೊಂಡಿತು. ಆಮೇಲೆ 11ಕ್ಕೆ 11, ತಡವರಿಸಿತು. ಕೊನೆಗೆ 10ಕ್ಕೆ 11, ಸುತ್ತಿತು. ಇದು ಐದನೇ ತರಗತಿಯ ಕೂಡುವ ಲೆಕ್ಕ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದರೂ ಓದಿರಬಹುದು, ನೆನಪಿರಲಿಲ್ಲ. ಈಗ ಮರೆಯೆಂದರೂ ಮರೆಯಲಾರೆ.

ಇನ್ನು ಮೊದಲ ಪ್ರಶ್ನೆ. ತುಳಿಯುವ ಪಟ್ಟಿಯಿಂದ ಯಂತ್ರವನ್ನು ನಡೆಸುವಾಗ, ಪ್ರತಿ ಸುತ್ತಿನಲ್ಲಿ ಎರಡು ಕಡೆ ಕಡ್ಡಿಯೂ ತೋಳೂ ಒಂದೇ ಗೆರೆಗೆ ಬರುತ್ತವೆ. ಆ ಕ್ಷಣದಲ್ಲಿ ನೀವೆಷ್ಟು ತುಳಿದರೂ ಬಲ ನೇರವಾಗಿ ಅಚ್ಚಿನ ಮೇಲೆ ಬೀಳುತ್ತದೆ, ಅದನ್ನು ತಿರುಗಿಸುವುದಿಲ್ಲ. ಓಡುತ್ತಿರುವ ಯಂತ್ರವನ್ನು ಆ ಜಾಗ ದಾಟಿಸುವುದು ಭಾರವಾದ ಚಕ್ರದ ಜಡತ್ವ. ನಿಂತ ಯಂತ್ರಕ್ಕೆ ಆ ಸಹಾಯವಿಲ್ಲ, ಆದ್ದರಿಂದ ಕೈ ಬೇಕು. ಸರಿಯಾದ ದಿಕ್ಕಿಗೆ ಹೊರಡಲೂ ಅದೇ ಕೈ ಬೇಕು. ನನ್ನ ಪುಟ್ಟ ಮಾದರಿಯಲ್ಲಿ ಭಾರದ ಚಕ್ರ ಇರಲಿಲ್ಲ, ಹಾಗಾಗಿ ಆ ಎರಡು ಜಾಗಗಳು ಬೆರಳಿಗೆ ಸ್ಪಷ್ಟವಾಗಿ ತಾಗಿದವು. ಅಮ್ಮನಿಗೆ ಇದನ್ನು ವಿವರಿಸಲು ಹೋದೆ. "ಅದು ಗೊತ್ತಿರೋದೇ ಅಲ್ವೇನೋ" ಎಂದರು.

ನಾನು ಹೇಳಹೊರಟಿದ್ದು ಇಷ್ಟು: ಶಿಕ್ಷಕರಾದ ನಾವು ಮತ್ತೆ ಆಟಿಕೆ ಹಿಡಿದು ಕೂರಬೇಕು. ಮಕ್ಕಳಿಗೆ ಕಲಿಸಲಿಕ್ಕೆಂದಲ್ಲ, ಮೊದಲು ನಮಗಾಗಿಯೇ. ಟಿಪ್ಪಣಿ ಬರೆಯಬೇಕಿಲ್ಲ, ವರದಿ ಒಪ್ಪಿಸಬೇಕಿಲ್ಲ. ಕಟ್ಟಿದ್ದು ನಡೆಯದೆ ಹೋದಾಗ ಆಗುವ ಪೇಚಾಟವನ್ನು ನಾವೇ ಅನುಭವಿಸದೆ, ಮಗುವಿನ ಕೈಯಲ್ಲಿ ಯಂತ್ರ ಸಿಕ್ಕಿಕೊಂಡಾಗ ಏನು ಮಾಡಬೇಕೆಂದು ನಮಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಕಸಿದುಕೊಂಡು ನಾವೇ ಸರಿಮಾಡಿಕೊಡುತ್ತೇವೆ. ನಾನು ಹಾಗೆ ಎಷ್ಟೋ ಸಲ ಮಾಡಿದ್ದೇನೆ.

ಆಟಿಕೆ ಎಂದರೆ ಕೀಳಾಗಿ ನೋಡಬೇಡಿ. ಈ ತೂತಿನ ಪಟ್ಟಿಗಳನ್ನು ರೂಪಿಸಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರ್ ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮಾಂಸ ಆಮದು ಮಾಡುವವರ ಬಳಿ ಲೆಕ್ಕ ಬರೆಯುತ್ತಿದ್ದವರು. ತಮ್ಮ ಮಕ್ಕಳಿಗಾಗಿ ತಗಡು ಕತ್ತರಿಸಿ ಆಟಿಕೆ ಮಾಡುತ್ತಿದ್ದಾಗ, ಎಲ್ಲ ಪಟ್ಟಿಗಳಲ್ಲೂ ಒಂದೇ ಅಂತರದಲ್ಲಿ ತೂತು ಕೊರೆದರೆ ಅದೇ ಪಟ್ಟಿಯನ್ನು ಇಂದು ಸೇತುವೆಗೂ ನಾಳೆ ಕ್ರೇನಿಗೂ ಬಳಸಬಹುದಲ್ಲ ಎಂದು ಹೊಳೆಯಿತು. ಅಂತರ ಅರ್ಧ ಅಂಗುಲ. 1901ರಲ್ಲಿ ಪೇಟೆಂಟ್ ಪಡೆದರು; 1907ರಲ್ಲಿ ಮೆಕಾನೊ ಎಂಬ ಹೆಸರು ಬಂತು. ಅದರ ಹಲ್ಲುಗಾಲಿಗಳನ್ನು ನೋಡಿ: 19 ಹಲ್ಲಿನದನ್ನೂ 57 ಹಲ್ಲಿನದನ್ನೂ ಜೋಡಿಸಿದರೆ ಅವುಗಳ ಅಚ್ಚುಗಳ ನಡುವಿನ ದೂರ ಸರಿಯಾಗಿ ಒಂದು ಅಂಗುಲ, ಎಂದರೆ ಎರಡು ತೂತು. ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ. ಹಲ್ಲಿನ ಲೆಕ್ಕ ತೂತಿನ ಲೆಕ್ಕಕ್ಕೆ ಹೊಂದುವಂತೆ ಯಾರೋ ಕೂತು ಯೋಚಿಸಿದ್ದಾರೆ.

ದೊಡ್ಡವರು ಇದನ್ನು ಹಿಡಿದರೆ ಏನಾಗಬಹುದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ನಿದರ್ಶನವೊಂದಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರಿ ಪರಮಾಣುಗಳ ರಚನೆಯ ಲೆಕ್ಕ ಮಾಡುತ್ತಿದ್ದವರು. ಆ ಸಮೀಕರಣಗಳನ್ನು ಕೈಯಲ್ಲಿ ಬಿಡಿಸುವುದು ತಿಂಗಳುಗಟ್ಟಲೆಯ ದುಡಿಮೆ. ಅಮೆರಿಕದಲ್ಲಿ ವ್ಯಾನೆವರ್ ಬುಷ್ ಇಂಥ ಲೆಕ್ಕಕ್ಕಾಗಿಯೇ ಕಟ್ಟಿದ್ದ ದೊಡ್ಡ ಯಂತ್ರವನ್ನು 1933ರಲ್ಲಿ ನೋಡಿ ಬಂದರು. ಅದರೊಳಗಿನ ಉಪಾಯ ಸರಳ. ತಿರುಗುವ ತಟ್ಟೆಯ ಮೇಲೆ ಒಂದು ಪುಟ್ಟ ಗಾಲಿಯನ್ನು ನಿಲ್ಲಿಸಿ; ಕೇಂದ್ರದ ಹತ್ತಿರವಿದ್ದರೆ ನಿಧಾನವಾಗಿ, ಅಂಚಿನ ಕಡೆಗೆ ಸರಿಸಿದರೆ ಬೇಗ ಉರುಳುತ್ತದೆ. ಗಾಲಿಯ ಜಾಗವನ್ನು ಬದಲಿಸುತ್ತ ಅದು ಒಟ್ಟು ಎಷ್ಟು ಸುತ್ತು ಉರುಳಿತು ಎಂದು ಎಣಿಸಿದರೆ, ನಾವು ಪದವಿ ತರಗತಿಯಲ್ಲಿ ಹೆದರಿಕೊಂಡು ಕಲಿತ ಸಮಾಕಲನ ಅದೇ! ಹಾರ್ಟ್ರಿ ತಮ್ಮ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಜೊತೆ ಸೇರಿ ಆ ಯಂತ್ರದ ಮಾದರಿಯನ್ನು 1934ರಲ್ಲಿ ಬಹುಪಾಲು ಮೆಕಾನೊ ಬಿಡಿಭಾಗಗಳಿಂದಲೇ ಕಟ್ಟಿದರು. ತಗಲಿದ ಖರ್ಚು ಸುಮಾರು 20 ಪೌಂಡು. ನೂರಕ್ಕೆ ಎರಡರಷ್ಟು ತಪ್ಪು ಬರುತ್ತಿತ್ತು, ಆದರೂ ಪರಮಾಣುವಿನ ನಿಜವಾದ ಲೆಕ್ಕಗಳಿಗೆ ಅದು ಒದಗಿತು. ಅದರ ಒಂದು ಭಾಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ನೆಲದ ಮೇಲೆ ಬೋಲ್ಟು ಹುಡುಕುವಾಗ ಹಾರ್ಟ್ರಿಗೆ ವಯಸ್ಸು 37.

ಇನ್ನು ನಮ್ಮ ಶಾಲೆಗಳ ಮಾತು. ಒಂದು ಶಾಲೆಗೆ ಭೇಟಿ ಕೊಟ್ಟಾಗ ಬೀರುವಿನಲ್ಲಿ ಇಂಥದ್ದೇ ಒಂದು ಡಬ್ಬಿ ಕಂಡಿತು. ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಕೂಡ ಹರಿದಿರಲಿಲ್ಲ. ದಾಸ್ತಾನು ವಹಿಯಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ವರ್ಷ ವರ್ಷವೂ ಬರೆಯಲಾಗಿತ್ತು. "ಒಂದು ನಟ್ಟು ಕಳೆದರೂ ನನ್ನ ತಲೆಗೇ ಬರುತ್ತೆ ಸಾರ್" ಎಂದರು ಮುಖ್ಯ ಶಿಕ್ಷಕರು. ಅವರನ್ನು ನಾನು ದೂರುವುದಿಲ್ಲ. ತಪಾಸಣೆಗೆ ಬಂದವರು ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಕೇಳುತ್ತಾರೆ. ಎಷ್ಟು ಸವೆದಿದೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಟ್ಟು ಬೋಲ್ಟುಗಳನ್ನು ಸೀಮೆಸುಣ್ಣದಂತೆ ಖರ್ಚಾಗುವ ಸಾಮಗ್ರಿ ಎಂದು ಬರೆಯಲು ಅವಕಾಶವಿರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅವು ಬಿಡಿಯಾಗಿ ಸಿಗುತ್ತವೆ.

ವಿಜ್ಞಾನ ವಸ್ತುಪ್ರದರ್ಶನಗಳ ಬಗ್ಗೆಯೂ ಒಂದು ಮಾತು. ತೀರ್ಪುಗಾರನಾಗಿ ನಾನೇ ಥರ್ಮಾಕೋಲಿನ ಅಣೆಕಟ್ಟುಗಳಿಗೆ, 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ ಕಾರ್ಖಾನೆಗಳಿಗೆ ಬಹುಮಾನ ಕೊಟ್ಟಿದ್ದೇನೆ. ಬಣ್ಣ ಚೆನ್ನಾಗಿತ್ತು. ಅದೇ ಸಾಲಿನ ಕೊನೆಯಲ್ಲಿ ರಟ್ಟಿನಲ್ಲಿ ಒರಟಾಗಿ ಮಾಡಿದ ಒಂದು ಏತ ಇತ್ತು, ಅಲುಗಾಡುತ್ತಿತ್ತು, ಅದರಿಂದ ನೀರು ಬರುತ್ತಿತ್ತು. ಅದಕ್ಕೆ ಸಮಾಧಾನಕರ ಬಹುಮಾನ. ಆ ತೀರ್ಪು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಡಬ್ಬಿ ಕೊಳ್ಳಲು ನಮಗೆ ಅನುದಾನ ಎಲ್ಲಿದೆ?" ಎಂದು ನೀವು ಕೇಳುವುದು ನ್ಯಾಯವೇ. ಅರವಿಂದ ಗುಪ್ತಾ ಅವರ ಹೆಸರು ಕೇಳಿದ್ದೀರಿ. ಕಾನ್ಪುರದ ಐಐಟಿಯಲ್ಲಿ ಕಲಿತ ಎಂಜಿನಿಯರ್; ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳನ್ನೂ ಬೆಂಕಿಕಡ್ಡಿಗಳನ್ನೂ ಜೋಡಿಸಿ ಆಕೃತಿಗಳನ್ನು ಕಟ್ಟುವುದನ್ನು ದೇಶದ ಶಾಲೆಗಳಿಗೆ ತೋರಿಸಿಕೊಟ್ಟರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಡ್ಡಿಗಳ ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಸೇತುವೆಗಳಲ್ಲಿ ತ್ರಿಕೋನಗಳೇಕೆ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಪಟ್ಟಿಗಳು ಬೇಕಾದರೆ ಹಳೆಯ ಲಗ್ನಪತ್ರಿಕೆಗಳಿವೆ. ಎರಡು ಪದರ ಅಂಟಿಸಿ, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಎರಡೆರಡು ಸೆಂಟಿಮೀಟರಿಗೆ ಒಂದು ತೂತು ಚುಚ್ಚಿ. ಕೀಲಿಗೆ ರವಿಕೆಯ ಟಿಚ್ ಬಟನ್ ಸಾಕು. ತೂತುಗಳ ಅಂತರದಲ್ಲಿ ಮಾತ್ರ ರಾಜಿ ಬೇಡ. ಹೆಣ್ಣುಮಕ್ಕಳ ಕೈಗೂ ಕೊಡಿ. ನನ್ನ ಮಗಳ ಡಬ್ಬಿಯ ಮೇಲಿದ್ದ ಚಿತ್ರದಲ್ಲಿ ಇಬ್ಬರು ಹುಡುಗರೇ ಇದ್ದರು.

ಡಬ್ಬಿ ತಾನಾಗಿ ಏನನ್ನೂ ಕಲಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಚಿತ್ರಪುಸ್ತಕ ನೋಡಿಕೊಂಡು ತೂತಿಗೆ ತೂತು ಹೊಂದಿಸುವುದು ಗೈಡು ನೋಡಿ ಉತ್ತರ ಬರೆದಂತೆ. ನನ್ನ ಡಬ್ಬಿಯ ಪುಸ್ತಕ ಕಳೆದದ್ದು ನನ್ನ ಪುಣ್ಯ.

ಸದ್ಯ ನನ್ನ ಮೇಜಿನ ಮೇಲೆ ಲಗ್ನಪತ್ರಿಕೆಯ ಏಳು ಪಟ್ಟಿಗಳಿವೆ. ಫ್ರಾನ್ಸಿನ ಸೇನಾಧಿಕಾರಿ ಪೋಸೆಲಿಯೆ 1864ರಲ್ಲಿ ಕಂಡುಕೊಂಡ ಜೋಡಣೆ ಅದು. ತುಂಡುಗಳೆಲ್ಲ ವೃತ್ತದಲ್ಲಿ ತಿರುಗುತ್ತಿದ್ದರೂ ಅದರ ಒಂದು ತುದಿ ಪೂರ್ತಿ ನೇರವಾದ ಗೆರೆಯನ್ನೇ ಎಳೆಯಬೇಕು. 8 ಮಾನದ ಪಟ್ಟಿ ಎರಡು, 4 ಮಾನದವು ಐದು. ರಟ್ಟಿಗೆ ಚುಚ್ಚುವ ಎರಡು ಸ್ಥಿರ ಕೀಲುಗಳ ನಡುವೆಯೂ 4. ನನ್ನದು ನಡುವಿನಲ್ಲಿ ನೇರ ಎಳೆಯುತ್ತದೆ, ತುದಿಗೆ ಬಂದಾಗ ಸೊಟ್ಟಗಾಗುತ್ತದೆ. ತೂತುಗಳು ಸಡಿಲವಾಗಿವೆಯೋ, ಚುಚ್ಚುವಾಗ ಅಳತೆ ತಪ್ಪಿತೋ ನೋಡಬೇಕು. ನಿನ್ನೆ ರಾತ್ರಿ ಎಲ್ಲವನ್ನೂ ಬಿಚ್ಚಿಟ್ಟಿದ್ದೇನೆ.